ಕಡಲತಳವನ್ನು ಅಗೆದರೆ ಅಲ್ಲಿನ ಜೀವಿಗಳು ಮರಳಿ ಬರುತ್ತವೆಯೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಶಿರಿಯ ಅಳಿವೆಯ ಬಳಿ, ತಂದೆಯವರ ಕಾಲದಿಂದಲೂ ಮೀನುಗಾರಿಕೆಯೇ ಕಸುಬು. ಕೇರಳದ ಕಡಲಿನಿಂದ ಹೊಯ್ಗೆ (ಮರಳು) ತೆಗೆಯುವ ಯೋಜನೆಯ ಸುದ್ದಿ ಬಂದಂದಿನಿಂದ ನಮ್ಮಲ್ಲಿ ಇದೇ ಮಾತು. ಒಂದು ಸಭೆಯಲ್ಲಿ ಮಾತನಾಡಿದವರೊಬ್ಬರು, "ಯಂತ್ರ ಬಂದಾಗ ಮೀನು ಈಜಿಕೊಂಡು ದೂರ ಹೋಗುತ್ತದೆ, ಕೆಲಸ ಮುಗಿದ ಮೇಲೆ ತಿರುಗಿ ಬರುತ್ತದೆ" ಎಂದರು. ಹಾಗಾದರೆ ಈಜಲಾರದೆ ತಳದಲ್ಲೇ ಇರುವ ಜೀವಿಗಳ ಗತಿ ಏನು? ಹಿಂದೂ ಮಹಾಸಾಗರದಲ್ಲಿ ಐದು ಸಾವಿರ ಮೀಟರ್ ಆಳದಿಂದ ಲೋಹದ ಗಂಟುಗಳನ್ನು ಎತ್ತುವ ಯೋಜನೆಯೂ ಇದೆಯಂತೆ. ಅದೂ ಇದೂ ಒಂದೇ ತರಹದ್ದೇ? ಟ್ರಾಲ್ ಬೋಟುಗಳೂ ತಳವನ್ನು ಕೆರೆಯುತ್ತವಲ್ಲ, ಅದಕ್ಕಿಂತ ಇದು ಹೇಗೆ ಬೇರೆ?

ಉತ್ತರ: ಸಭೆಯಲ್ಲಿ ನೀವು ಕೇಳಿದ ಆ ಮಾತು ಬೂತಾಯಿ, ಬಂಗುಡೆಗಳ ಮಟ್ಟಿಗೆ ಹೆಚ್ಚು ಕಡಿಮೆ ಸರಿ. ಅವು ನೀರಿನ ಮೇಲ್ಪದರಗಳಲ್ಲಿ ಹಿಂಡಾಗಿ ತಿರುಗುವ ಮೀನುಗಳು. ನೀರು ಕದಡಿದರೆ ಬೇರೆ ಕಡೆಗೆ ಹೋಗುತ್ತವೆ, ತಿಳಿಯಾದರೆ ಬರುತ್ತವೆ. ಆದರೆ ಮಳೆಗಾಲ ಮುಗಿಯುತ್ತಿದ್ದಂತೆ ನಿಮ್ಮ ಬಲೆಗೆ ಬೀಳುವ ನಂಗು ಮೀನು, ಎಟ್ಟಿ (ಸಿಗಡಿ), ಡೆಂಜಿ (ಏಡಿ) ಇವುಗಳ ಬದುಕು ತಳಕ್ಕೆ ಅಂಟಿಕೊಂಡದ್ದು. ನಂಗು ಹೊಟ್ಟೆಯೊಳಗೆ ಏನಿರುತ್ತದೆ ಎಂಬುದನ್ನು ಮೀನು ಹಸನು ಮಾಡುವವರು ಗಮನಿಸಿರಬಹುದು: ಕೆಸರಿನಲ್ಲಿರುವ ಹುಳಗಳು, ಎಳ್ಳಿನಷ್ಟು ದೊಡ್ಡ ಸಿಗಡಿಜಾತಿಯ ಜೀವಿಗಳು, ಎಳೆಯ ಚಿಪ್ಪುಗಳು. ನಂಗು ಈಜಿ ಹೋಗಬಲ್ಲದು, ಅದರ ಊಟಕ್ಕೆ ಈಜು ಬಾರದು. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರವನ್ನು ಮೀನಿನಿಂದ ಆರಂಭಿಸದೆ ನೆಲದಿಂದ ಆರಂಭಿಸುತ್ತೇನೆ.

ಕಡಲತಳದಲ್ಲಿ ಏನಿದೆ ಎಂದು ನೋಡಲು ನಾವು ಬಳಸುವುದು ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂಡಿಸಿದಂತಿರುವ ಒಂದು ಕಬ್ಬಿಣದ ಸಾಧನವನ್ನು. ಅದನ್ನು ದೋಣಿಯಿಂದ ಹಗ್ಗ ಕಟ್ಟಿ ಇಳಿಸಿದರೆ ತಳ ಮುಟ್ಟಿದ ಕ್ಷಣ ಅದರ ಕೊಂಡಿ ಕಳಚುತ್ತದೆ. ಮೇಲೆಳೆಯುವಾಗ ಬಾಯಿ ಮುಚ್ಚಿಕೊಂಡು, ಒಂದು ಚದರ ಮೀಟರಿನ ಹತ್ತನೆಯ ಒಂದು ಭಾಗದಷ್ಟು ನೆಲವನ್ನು ಕಚ್ಚಿಕೊಂಡು ಬರುತ್ತದೆ. ಕುಂಬಳೆಯ ಹೊರಗಿನ ಕಡಲಿನಲ್ಲಿ ಒಮ್ಮೆ ಹೀಗೆ ಎತ್ತಿದ ಬೂದುಬಣ್ಣದ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಗೆ ಹಾಕಿ, ಕಡಲನೀರನ್ನು ಮೆಲ್ಲಗೆ ಸುರಿಯುತ್ತಾ ತೊಳೆದಾಗ, ಜತೆಗಿದ್ದ ದೋಣಿಯವರು "ಇದರಲ್ಲಿ ಏನೂ ಇಲ್ಲವಲ್ಲ" ಎಂದರು. ಕೆಸರು ಹರಿದುಹೋಗಿ ಜರಡಿಯಲ್ಲಿ ಉಳಿದ ಒಂದು ಹಿಡಿಯನ್ನು ಬಿಳಿ ತಟ್ಟೆಗೆ ಬಗ್ಗಿಸಿ ನೋಡಿದಾಗ ಅವರೇ ಎಣಿಸತೊಡಗಿದರು. ಹೊಯ್ಗೆಯ ಕಣಗಳನ್ನು ಒಂದೊಂದಾಗಿ ಅಂಟಿಸಿ ಕಟ್ಟಿದ, ಬೀಡಿಗಿಂತ ಸಣ್ಣ ಕೊಳವೆಗಳಿದ್ದವು. ಒಂದು ಕೊಳವೆಯ ಬಾಯಿಯಿಂದ ಹುಳವೊಂದು ತನ್ನ ಎಳೆಗಳಂತಹ ಮೀಸೆಯನ್ನು ಹೊರಚಾಚಿ ಒಳಗೆಳೆದುಕೊಳ್ಳುತ್ತಿತ್ತು. ಅಕ್ಕಿಕಾಳಿನಷ್ಟು ದೊಡ್ಡ ಚಿಪ್ಪುಗಳು, ಕೈ ಮುರಿದಿದ್ದರೂ ಹರಿದಾಡುತ್ತಿದ್ದ ಒಂದು ನಕ್ಷತ್ರಮೀನು, ಮುಟ್ಟಿದರೆ ನೆಗೆಯುವ ಸಣ್ಣ ಸಿಗಡಿಬಂಧುಗಳು. ಜರಡಿಯಿಂದ ಇಳಿದುಹೋದ ಕೆಸರಿನಲ್ಲಿ, ಬರಿಗಣ್ಣಿಗೆ ಕಾಣದ ದುಂಡುಹುಳಗಳ ಇನ್ನೊಂದು ದೊಡ್ಡ ಲೋಕವೇ ಇತ್ತು. ಅವನ್ನು ಎಣಿಸಬೇಕಾದರೆ ಗುಲಾಬಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ದಿನಗಟ್ಟಲೆ ಕೂರಬೇಕು.

ಈ ಜೀವಿಗಳಲ್ಲಿ ಹೆಚ್ಚಿನವು ನೆಲದ ಮೇಲಿನ ಹತ್ತು ಹದಿನೈದು ಸೆಂಟಿಮೀಟರುಗಳಲ್ಲೇ ಇರುತ್ತವೆ, ಅದರಲ್ಲಿಯೂ ಮೇಲಿನ ಐದರಲ್ಲಿ ಅತಿ ಹೆಚ್ಚು. ಅದಕ್ಕಿಂತ ಕೆಳಗಿನ ಕೆಸರು ಸಾಮಾನ್ಯವಾಗಿ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುವಂತಿರುತ್ತದೆ, ಏಕೆಂದರೆ ಅಲ್ಲಿಗೆ ಆಮ್ಲಜನಕ ಇಳಿಯುವುದಿಲ್ಲ. ಮೇಲ್ಪದರಕ್ಕೆ ಆಮ್ಲಜನಕವನ್ನು ಇಳಿಸುವವರು ಈ ಹುಳಗಳೇ: ತಮ್ಮ ಬಿಲಗಳಲ್ಲಿ ನೀರನ್ನು ಒಳಗೂ ಹೊರಗೂ ಆಡಿಸುತ್ತಾ, ಗದ್ದೆಯ ಎರೆಹುಳು ಮಣ್ಣಿಗೆ ಮಾಡುವ ಕೆಲಸವನ್ನು ಅವು ಕಡಲತಳಕ್ಕೆ ಮಾಡುತ್ತವೆ. ಮೇಲಿನಿಂದ ಬಿದ್ದ ಸತ್ತ ಪಾಚಿ, ಮಲ, ಚೂರುಗಳನ್ನು ತಿಂದು ಅದರ ಪೋಷಕಾಂಶವನ್ನು ನೀರಿಗೆ ಮರಳಿಸುತ್ತವೆ, ಆ ಪೋಷಕಾಂಶದಿಂದ ಮತ್ತೆ ಪಾಚಿ ಬೆಳೆಯುತ್ತದೆ, ಪಾಚಿಯಿಂದ ಬೂತಾಯಿ ಬೆಳೆಯುತ್ತದೆ. ಹಾಗಾಗಿ ಬೂತಾಯಿಗೂ ತಳಕ್ಕೂ ಸಂಬಂಧವೇ ಇಲ್ಲವೆಂದು ಭಾವಿಸುವಂತಿಲ್ಲ.

ಇನ್ನು ಹೊಯ್ಗೆಯ ವಿಷಯ. ಕೇಂದ್ರ ಗಣಿ ಸಚಿವಾಲಯವು 2024ರ ನವೆಂಬರಿನಲ್ಲಿ ಕಡಲ ಖನಿಜಗಳ ಮೊದಲ ಕಂತಿನ ಹರಾಜಿಗೆ 13 ಬ್ಲಾಕುಗಳನ್ನು ಇಟ್ಟಿತು. ಅದರಲ್ಲಿ ಮೂರು ಕೊಲ್ಲಂ ಕಡಲಿನ ಕಟ್ಟಡ ಹೊಯ್ಗೆಯವು, ಮೂರು ಗುಜರಾತಿನ ಸುಣ್ಣಕೆಸರಿನವು, ಉಳಿದ ಏಳು ಗ್ರೇಟ್ ನಿಕೋಬಾರಿನ ಬಳಿಯ ಲೋಹದ ಗಂಟು ಮತ್ತು ಲೋಹದ ಹೊರಪದರದವು. ಇದನ್ನು ವಿರೋಧಿಸಿ 2025ರ ಫೆಬ್ರವರಿಯಲ್ಲಿ ಕೇರಳದ ಮೀನುಗಾರರು ಮುಷ್ಕರ ಹೂಡಿದರು, ಮಾರ್ಚಿನಲ್ಲಿ ವಿಧಾನಸಭೆ ನಿರ್ಣಯ ಅಂಗೀಕರಿಸಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಕೇರಳದ ಕಡಲಿನಲ್ಲಿ ಒಟ್ಟು 74.5 ಕೋಟಿ ಟನ್ ಕಟ್ಟಡ ಹೊಯ್ಗೆ ಇದೆಯೆಂದು ಅಂದಾಜಿಸಿದೆ; ಅದು ಗುರುತಿಸಿದ ಐದು ವಲಯಗಳು ಪೊನ್ನಾನಿ, ಚಾವಕ್ಕಾಡ್, ಆಲಪ್ಪುಳ, ಕೊಲ್ಲಂ ಉತ್ತರ ಮತ್ತು ಕೊಲ್ಲಂ ದಕ್ಷಿಣ. ಎಲ್ಲಕ್ಕಿಂತ ಉತ್ತರದ ಪೊನ್ನಾನಿಯೂ ನಮ್ಮಿಂದ ಬಹಳ ದೂರವಿದೆ. ಈ ಪಟ್ಟಿಯಲ್ಲಿ ಕಾಸರಗೋಡು ಇಲ್ಲ. ಆದರೂ ನಿಮ್ಮ ಆತಂಕ ಅಸ್ಥಾನದ್ದಲ್ಲ, ಏಕೆಂದರೆ ಕೊಲ್ಲಂನಲ್ಲಿ ಒಪ್ಪಿತವಾಗುವ ಪದ್ಧತಿಯೇ ಮುಂದೆ ಉಳಿದ ಕರಾವಳಿಗೂ ಮಾದರಿಯಾಗುತ್ತದೆ.

ಹೊಯ್ಗೆ ತೆಗೆಯುವ ಹಡಗು ತಳಕ್ಕೆ ಒಂದು ದಪ್ಪ ಕೊಳವೆಯನ್ನು ಇಳಿಸಿ, ನಿಧಾನವಾಗಿ ಸಾಗುತ್ತಾ, ನೆಲವನ್ನು ನೀರಿನೊಂದಿಗೆ ಹೀರುತ್ತದೆ. ಹಾದುಹೋದಲ್ಲೆಲ್ಲ ಎರಡು ಮೂರು ಮೀಟರ್ ಅಗಲ, ಒಂದು ಗೇಣಿನಷ್ಟು ಆಳದ ಸಾಲು ಬೀಳುತ್ತದೆ. ಅಂದರೆ ಒಂದೇ ಸಾರಿ ಹಾದರೂ ಜೀವವಿರುವ ಪದರ ಪೂರ್ತಿಯಾಗಿ ಹೋಗುತ್ತದೆ. ಒಂದೇ ಕಡೆ ಲಂಗರು ಹಾಕಿ ಹೀರಿದರೆ ಸಾಲಿನ ಬದಲು ಹಲವು ಮೀಟರ್ ಆಳದ ಗುಂಡಿಯಾಗುತ್ತದೆ. ಹಡಗಿನ ತೊಟ್ಟಿಯಲ್ಲಿ ಹೊಯ್ಗೆ ಕೆಳಗೆ ಕೂರುತ್ತದೆ, ನುಣುಪಾದ ಮಣ್ಣು ಬೆರೆತ ಬಗ್ಗಡ ನೀರು ಹೊರಗೆ ಚೆಲ್ಲುತ್ತದೆ. ಈ ಬಗ್ಗಡ ಗಣಿ ಪ್ರದೇಶದ ಎಲ್ಲೆಯನ್ನು ಲೆಕ್ಕಿಸದೆ ಪ್ರವಾಹದೊಂದಿಗೆ ಹೋಗಿ, ಪಕ್ಕದ ನೆಲದ ಮೇಲೆ ತೆಳುವಾಗಿ ಕೂರುತ್ತದೆ. ನೀರನ್ನು ಸೋಸಿ ತಿನ್ನುವ ಚಿಪ್ಪು, ಸ್ಪಂಜು, ಹವಳಜಾತಿಯ ಜೀವಿಗಳಿಗೆ ಅದು ಗಂಟಲಿಗೆ ಧೂಳು ತುಂಬಿದಂತೆ. ನದಿಯಲ್ಲಿ ಹೊಯ್ಗೆ ತೆಗೆದ ಕಡೆ ಮರುವಾಯಿ (ತಿನ್ನುವ ಚಿಪ್ಪುಜೀವಿ) ಹೇಗೆ ಕಡಿಮೆಯಾಗುತ್ತದೆ ಎಂಬುದನ್ನು ಮೊಗ್ರಾಲ್, ಶಿರಿಯ, ಚಂದ್ರಗಿರಿ ಹೊಳೆಗಳ ದಡದವರಿಗೆ ನಾನು ವಿವರಿಸಬೇಕಾಗಿಲ್ಲ. ಮರುವಾಯಿ ಹೆಕ್ಕುವ ಹೆಂಗಸರು ಕಾಲಿನಿಂದಲೇ ನೆಲವನ್ನು ಅರಿಯುತ್ತಾರೆ. ಕಾಲಿಗೆ ಹೊಯ್ಗೆಯ ಬದಲು ಜಾರುವ ಕೆಸರು ಸಿಕ್ಕಿದರೆ ಅಲ್ಲಿ ಬುಟ್ಟಿ ಇಳಿಸುವುದೇ ಇಲ್ಲ.

ಹಾಗೆ ಅಗೆದ ನೆಲಕ್ಕೆ ಜೀವಿಗಳು ಮರಳಿ ಬರುತ್ತವೆಯೇ? ಬರುತ್ತವೆ, ಆದರೆ ಯಾವುವು ಮತ್ತು ಯಾವಾಗ ಎಂಬುದನ್ನು ಕೇಳಬೇಕು. ಯುರೋಪಿನ ಉತ್ತರ ಸಮುದ್ರದಲ್ಲಿ ದಶಕಗಳಿಂದ ಹೊಯ್ಗೆ, ಜಲ್ಲಿ ತೆಗೆಯುತ್ತಿರುವುದರಿಂದ ಅಲ್ಲಿನ ಅನುಭವ ನಮಗೆ ಸಿಗುತ್ತದೆ. ಅಲೆ ಮತ್ತು ಪ್ರವಾಹದಿಂದ ಸದಾ ಕದಲುತ್ತಿರುವ ಹೊಯ್ಗೆಯ ನೆಲದಲ್ಲಿ ತಳವಾಸಿಗಳು ಕೆಲವು ವರ್ಷಗಳಲ್ಲಿ ಚೇತರಿಸಿಕೊಳ್ಳುತ್ತವೆ. ಕದಲದ ಜಲ್ಲಿಯ ನೆಲದಲ್ಲಿ ಹತ್ತು ವರ್ಷವೂ ಸಾಲದಿರಬಹುದು. ಮೊದಲು ಬರುವುವು ಬೇಗ ಹುಟ್ಟಿ ಬೇಗ ಸಾಯುವ ಸಣ್ಣ ಹುಳಗಳು. ತಟ್ಟೆಗೆ ಹಾಕಿ ಎಣಿಸಿದರೆ ಸಂಖ್ಯೆ ಮೊದಲಿನಷ್ಟೇ ಕಂಡೀತು, ಕೆಲವೊಮ್ಮೆ ಹೆಚ್ಚೂ ಕಂಡೀತು. ಆದರೆ ನಿಧಾನವಾಗಿ ಬೆಳೆಯುವ ಚಿಪ್ಪುಗಳು, ಆಳದ ಬಿಲಗಳನ್ನು ತೋಡುವ ದೊಡ್ಡ ಜೀವಿಗಳು ಅಲ್ಲಿರುವುದಿಲ್ಲ. ಗುಡ್ಡದ ಕಾಡು ಕಡಿದ ಮರುವರ್ಷವೇ ಹಸುರು ಕಾಣಿಸಿಕೊಂಡಿತೆಂದು ಕಾಡು ಬಂತೆನ್ನಲಾಗದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಷರತ್ತಿದೆ: ಅಗೆದ ಮೇಲೆ ಉಳಿಯುವ ನೆಲ ಮೊದಲಿನ ಜಾತಿಯದ್ದೇ ಆಗಿರಬೇಕು. ಹೊಯ್ಗೆಯನ್ನೆಲ್ಲ ಹೀರಿ ಕೆಳಗಿನ ಜೇಡಿಯನ್ನು ಬರಿದುಮಾಡಿದರೆ ಹೊಯ್ಗೆಯ ಜೀವಿಗಳು ಎಷ್ಟು ವರ್ಷ ಕಾದರೂ ಬರಲಾರವು. ಕೆಸರಿನ ಜೀವಿಗಳು ಬಂದು ಅಲ್ಲಿ ಬೇರೆಯೇ ಒಂದು ಊರಾಗುತ್ತದೆ.

ನಮ್ಮ ಕರಾವಳಿಗೆ ಸಂಬಂಧಿಸಿ ನಾನು ಒತ್ತಿ ಹೇಳಬೇಕಾದ ವಿಷಯವೊಂದಿದೆ. ಮುಂಗಾರಿನಲ್ಲಿ ಗಾಳಿ ಮತ್ತು ಪ್ರವಾಹದ ಸೆಳೆತದಿಂದ ಆಳದ ತಣ್ಣೀರು ಮೇಲೇರಿ ನಮ್ಮ ಕರಾವಳಿಯ ಕಡೆಗೆ ಬರುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆದ್ದರಿಂದಲೇ ಮಳೆಗಾಲದ ಬಳಿಕ ಮೀನು ಸಮೃದ್ಧ. ಆದರೆ ಅದೇ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಜುಲೈಯಿಂದ ಅಕ್ಟೋಬರಿನವರೆಗೆ ಕೇರಳ ಮತ್ತು ಕರ್ನಾಟಕದ ಕಡಲಿನ ತಳ ಹಲವೆಡೆ ಉಸಿರುಕಟ್ಟುವ ಸ್ಥಿತಿಯಲ್ಲಿರುತ್ತದೆ. ತಳದ ಜೀವಿಗಳು ಈ ಏರಿಳಿತಕ್ಕೆ ಹೊಂದಿಕೊಂಡೇ ಬದುಕಿವೆ, ಮಳೆಗಾಲದ ಏಟು ತಿಂದು ಹಿಂಗಾರಿನಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಆದರೆ ಅದೇ ತಳದಲ್ಲಿ ಆಳವಾದ ಗುಂಡಿಗಳನ್ನು ತೋಡಿದರೆ, ನೀರು ಆಡದೆ ನಿಲ್ಲುವ ಆ ಗುಂಡಿಗಳಲ್ಲಿ ಆಮ್ಲಜನಕವಿಲ್ಲದ ನೀರು ಕಾಲ ಮುಗಿದ ಮೇಲೂ ಉಳಿಯುವ ಅಪಾಯವಿದೆ. ಉತ್ತರ ಸಮುದ್ರದ ಚೇತರಿಕೆಯ ಲೆಕ್ಕವನ್ನು ಇಲ್ಲಿಗೆ ನೇರವಾಗಿ ತಂದು ಹಾಕುವುದು ಸರಿಯಲ್ಲವೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಟ್ರಾಲ್ ಬೋಟಿನ ಬಗ್ಗೆ ನೀವು ಪ್ರಾಮಾಣಿಕವಾಗಿ ಕೇಳಿದ್ದೀರಿ, ಉತ್ತರವೂ ಹಾಗೆಯೇ ಇರಬೇಕು. ತಳಕ್ಕೆ ತಾಗಿಸಿ ಎಳೆಯುವ ಟ್ರಾಲ್ ಬಲೆಯಿಂದಲೂ ತಳವಾಸಿಗಳಿಗೆ ದೊಡ್ಡ ಹಾನಿಯಿದೆ, ಮತ್ತು ಅದು ಗಣಿಗಾರಿಕೆಗಿಂತ ಎಷ್ಟೋ ಹೆಚ್ಚು ವಿಸ್ತಾರದಲ್ಲಿ, ವರ್ಷ ವರ್ಷವೂ ನಡೆಯುತ್ತದೆ. ಕೇರಳದಲ್ಲಿ ಜೂನ್ 9ರಿಂದ ಜುಲೈ 31ರ ತನಕ ಟ್ರಾಲ್ ನಿಷೇಧವಿರುವುದು ಮೀನು ಮರಿಯಾಗುವ ಕಾಲವನ್ನು ಕಾಪಾಡಲು. ತಳಕ್ಕೂ ಆ ಅವಧಿಯಲ್ಲಿ ಒಂದಿಷ್ಟು ಬಿಡುವು ಸಿಗುತ್ತದೆ. ವ್ಯತ್ಯಾಸವಿರುವುದು ಹೀಗೆ: ಟ್ರಾಲ್ ಬಲೆ ಗದ್ದೆಯನ್ನು ಮತ್ತೆ ಮತ್ತೆ ಉತ್ತು ಕೆದಕಿದಂತೆ, ಗಣಿಗಾರಿಕೆ ಗದ್ದೆಯ ಮಣ್ಣನ್ನೇ ಲಾರಿಗೆ ತುಂಬಿಸಿ ಕಳುಹಿಸಿದಂತೆ. ಮೊದಲನೆಯದರಲ್ಲಿ ನೆಲ ಅಲ್ಲೇ ಇರುತ್ತದೆ. ಆದರೆ ಗಣಿಯವರು "ನೀವೂ ಕೆರೆಯುತ್ತೀರಲ್ಲ" ಎಂದರೆ ಮೀನುಗಾರರ ಬಳಿ ತೃಪ್ತಿಕರ ಉತ್ತರ ಬೇಕಾಗುತ್ತದೆ, ಅದನ್ನು ಸಂಘಗಳು ಈಗಲೇ ಯೋಚಿಸುವುದು ಒಳ್ಳೆಯದು.

ಇನ್ನು ಆಳಸಾಗರ. ಅದನ್ನೂ ಹೊಯ್ಗೆಯನ್ನೂ ಒಂದೇ ಮಾತಿನಲ್ಲಿ "ಕಡಲ ಗಣಿಗಾರಿಕೆ" ಎನ್ನುತ್ತಾರಾದರೂ ತಳವಾಸಿಗಳ ದೃಷ್ಟಿಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಬಹುಲೋಹದ ಗಂಟುಗಳು ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇರುವ ಕಪ್ಪುಕಂದು ಉಂಡೆಗಳು. ನೆಲ್ಲಿಕಾಯಿಯಿಂದ ಆಲೂಗಡ್ಡೆಯವರೆಗೆ ಗಾತ್ರ. ಕೈಗೆ ತೆಗೆದುಕೊಂಡರೆ ಒಂದು ಬದಿ ನಯ, ಇನ್ನೊಂದು ಬದಿ ಒರಟು. ನಯವಾದದ್ದು ನೀರಿಗೆ ತೆರೆದಿದ್ದ ಮೇಲ್ಮೈ, ಒರಟಾದದ್ದು ಕೆಸರಿನಲ್ಲಿ ಹುದುಗಿದ್ದುದು. ಒಡೆದರೆ ಒಳಗೆ ಈರುಳ್ಳಿಯಂತೆ ಪದರಗಳು, ನಟ್ಟನಡುವೆ ಒಂದು ಶಾರ್ಕಿನ ಹಲ್ಲೋ ಕಲ್ಲಿನ ಚೂರೋ ಇರಬಹುದು. ಆ ಚೂರಿನ ಸುತ್ತ ನೀರಿನಲ್ಲಿ ಕರಗಿದ ಲೋಹ ಅಂಟುತ್ತಾ ಬಂದದ್ದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರಿನ ಲೆಕ್ಕದಲ್ಲಿ.

ನಾಲ್ಕರಿಂದ ಆರು ಸಾವಿರ ಮೀಟರ್ ಆಳದ ಆ ಬಯಲಿನಲ್ಲಿ ಎಲ್ಲೆಲ್ಲೂ ಮೃದುವಾದ ಕೆಸರು. ಸ್ಪಂಜು, ಹವಳ, ಸಮುದ್ರಹೂವುಗಳಂತಹ ಜೀವಿಗಳಿಗೆ ಕಾಲೂರಲು ಗಟ್ಟಿಯಾದ ಜಾಗವೆಂದರೆ ಈ ಗಂಟುಗಳು ಮಾತ್ರ. 2016ರಲ್ಲಿ ಹವಾಯಿಯ ಬಳಿ ನಾಲ್ಕು ಸಾವಿರ ಮೀಟರಿಗೂ ಆಳದಲ್ಲಿ ಕಂಡ, ಬಣ್ಣವೇ ಇಲ್ಲದ ಬಿಳಿಯ ಅಷ್ಟಪದಿಯ ಜಾತಿಯು ಗಂಟುಗಳ ಮೇಲೆ ಬೆಳೆದು ಸತ್ತ ಸ್ಪಂಜಿನ ಕಾಂಡಕ್ಕೆ ಮೊಟ್ಟೆಯಿಟ್ಟು, ಅವುಗಳನ್ನು ಅಪ್ಪಿಕೊಂಡು ಕಾವಲು ಕೂರುತ್ತದೆ. ಗಂಟು ಹೋದರೆ ಸ್ಪಂಜು ಹೋಯಿತು, ಸ್ಪಂಜು ಹೋದರೆ ಮೊಟ್ಟೆಗೆ ಆಸರೆ ಹೋಯಿತು. ನಮ್ಮ ಪದವುಗಳಲ್ಲಿ, ಅಂದರೆ ಎತ್ತರದ ಕಲ್ಲುಬಯಲುಗಳಲ್ಲಿ, ಮುರಕಲ್ಲು (ಕೆಂಪುಕಲ್ಲು) ಕಡಿದ ಕೋರೆಗಳನ್ನು ನೀವು ನೋಡಿದ್ದೀರಿ; ನೀರು ನಿಂತು, ಪಾಚಿ ಬೆಳೆದು, ಕಪ್ಪೆಗಳೂ ಬರುತ್ತವೆ. ಆದರೆ ಕಲ್ಲು ಮತ್ತೆ ಬೆಳೆಯುವುದಿಲ್ಲ, ಕಲ್ಲಿನ ಮೇಲೆಯೇ ಬದುಕುತ್ತಿದ್ದ ಹುಲ್ಲು ಹೂವುಗಳೂ ಬರುವುದಿಲ್ಲ.

ಇದು ಬರಿಯ ಊಹೆಯಲ್ಲ, ಕಾದು ನೋಡಿದ ಪ್ರಯೋಗಗಳಿವೆ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದ ಆಚೆಗಿನ ಶಾಂತಸಾಗರದಲ್ಲಿ, ನಾಲ್ಕು ಸಾವಿರ ಮೀಟರಿಗೂ ಆಳದಲ್ಲಿ, ಸುಮಾರು 11 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ನೇಗಿಲಿನಂತಹ ಸಾಧನವನ್ನು ಎಳೆದರು. ಗಂಟುಗಳನ್ನು ಮೇಲೆತ್ತಲಿಲ್ಲ, ಕೆಸರಿನಲ್ಲಿ ಮಗುಚಿದರು ಅಷ್ಟೆ. 26 ವರ್ಷಗಳ ಬಳಿಕ, 2015ರಲ್ಲಿ ಮತ್ತೆ ಹೋಗಿ ನೋಡಿದಾಗ ನೇಗಿಲಿನ ಸಾಲುಗಳು ಹಾಗೆಯೇ ಇದ್ದವು. ಸಾಲುಗಳೊಳಗೆ ಸೂಕ್ಷ್ಮಾಣುಗಳ ಚಟುವಟಿಕೆ ಅಕ್ಕಪಕ್ಕದ ನೆಲಕ್ಕಿಂತ ನಾಲ್ಕು ಪಟ್ಟಿನವರೆಗೆ ಕಡಿಮೆಯಿತ್ತು. ಹವಾಯಿ ಮತ್ತು ಮೆಕ್ಸಿಕೋಗಳ ನಡುವಣ ಕ್ಲೇರಿಯನ್-ಕ್ಲಿಪ್ಪರ್ಟನ್ ವಲಯದಲ್ಲಿ 1979ರಲ್ಲಿ ಯಂತ್ರವೊಂದು ಓಡಾಡಿದ ಜಾಗವನ್ನು 44 ವರ್ಷಗಳ ನಂತರ, 2023ರಲ್ಲಿ ಬ್ರಿಟನ್ನಿನ ತಂಡ ನೋಡಿತು. ಗುರುತುಗಳು ಅಳಿಸಿರಲಿಲ್ಲ. ಕೆಸರಿನ ಕೆಲವು ಸಣ್ಣ ಜೀವಿಗಳೂ ಚಲಿಸಬಲ್ಲ ಕೆಲವು ಪ್ರಾಣಿಗಳೂ ಮರಳತೊಡಗಿದ್ದವು, ನೆಲಕ್ಕೆ ಅಂಟಿ ಬದುಕುವ ದೊಡ್ಡ ಜೀವಿಗಳು ಇನ್ನೂ ವಿರಳವಾಗಿದ್ದವು. ಅದೇ ವಲಯದಲ್ಲಿ 2022ರಲ್ಲಿ ಸಂಗ್ರಹ ಯಂತ್ರವೊಂದು 3,000 ಟನ್ನಿಗೂ ಹೆಚ್ಚು ಗಂಟುಗಳನ್ನು ಎತ್ತಿತು. ಎರಡು ತಿಂಗಳ ಬಳಿಕ ಯಂತ್ರದ ಜಾಡಿನಲ್ಲಿ ಕೆಸರುವಾಸಿ ಪ್ರಾಣಿಗಳ ಸಂಖ್ಯೆ ಶೇ. 37ರಷ್ಟು, ಪ್ರಭೇದಗಳ ಸಂಖ್ಯೆ ಶೇ. 32ರಷ್ಟು ಇಳಿದಿತ್ತು. ಆ ವಲಯದ ಜೀವಿಗಳಲ್ಲಿ ಹತ್ತಕ್ಕೆ ಒಂಬತ್ತು ಪ್ರಭೇದಗಳಿಗೆ ವಿಜ್ಞಾನ ಇನ್ನೂ ಹೆಸರನ್ನೇ ಇಟ್ಟಿಲ್ಲ.

ಚೇತರಿಕೆ ಇಷ್ಟು ನಿಧಾನವಾಗಲು ಮುಖ್ಯ ಕಾರಣ ಹಸಿವು. ಸೂರ್ಯನ ಬೆಳಕು ಬೀಳುವ ಮೇಲ್ಪದರದಲ್ಲಿ ಬೆಳೆದ ಆಹಾರದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಅಷ್ಟು ಆಳಕ್ಕೆ ಇಳಿಯುತ್ತದೆ. ನೀರಿನ ಉಷ್ಣತೆ ಒಂದೆರಡು ಡಿಗ್ರಿ. ಕೆಸರು ಕೂರುವುದು ಸಾವಿರ ವರ್ಷಕ್ಕೆ ಕೆಲವು ಮಿಲಿಮೀಟರ್. ಅಲ್ಲಿ ಮುಂಗಾರಿಲ್ಲ, ಅಲೆಯಿಲ್ಲ. ನಮ್ಮ ಹೊಯ್ಗೆಯ ಜೀವಿಗಳಂತೆ ಪ್ರತಿ ವರ್ಷ ಏಟು ತಿಂದು ಏಳುವ ಅಭ್ಯಾಸ ಅಲ್ಲಿಯವಕ್ಕೆ ಇಲ್ಲ.

ಯಂತ್ರವೆಬ್ಬಿಸುವ ಬಗ್ಗಡದ ಬಗ್ಗೆ ಒಂದು ಸಮಾಧಾನದ ಮಾತು ಆಗಾಗ ಕೇಳಿಬರುತ್ತದೆ. 2022ರಲ್ಲಿ ಪ್ರಕಟವಾದ ಅಳತೆಯೊಂದರ ಪ್ರಕಾರ, ಯಂತ್ರದ ಹಿಂದೆ ಎದ್ದ ಕೆಸರಿನ ಶೇ. 92ರಿಂದ 98ರಷ್ಟು ಅಲ್ಲೇ ಕೂತಿತು ಅಥವಾ ತಳದಿಂದ ಎರಡು ಮೀಟರ್ ಎತ್ತರದೊಳಗೇ ಉಳಿಯಿತು. ಮೇಲಿನ ನೀರಿನ ಮೀನುಗಳಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ತಳವಾಸಿಗಳು ಬದುಕುವುದೂ ಆ ಎರಡು ಮೀಟರಿನೊಳಗೇ ಅಲ್ಲವೇ?

ನಮ್ಮ ದೇಶದ ಪಾತ್ರ ಇದರಲ್ಲಿ ಸಣ್ಣದಲ್ಲ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿರುವ ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಂದಿಗೆ 2002ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಮಧ್ಯ ಹಿಂದೂ ಮಹಾಸಾಗರದ 75,000 ಚದರ ಕಿಲೋಮೀಟರಿನಲ್ಲಿ ಗಂಟುಗಳನ್ನು ಅನ್ವೇಷಿಸುವ ಹಕ್ಕು ಭಾರತಕ್ಕಿದೆ. ಅನ್ವೇಷಣೆ ಬೇರೆ, ಗಣಿಗಾರಿಕೆ ಬೇರೆ; ವಾಣಿಜ್ಯ ಗಣಿಗಾರಿಕೆಯ ಅಂತಾರಾಷ್ಟ್ರೀಯ ನಿಯಮಾವಳಿ 2025ರ ಅಧಿವೇಶನಗಳಲ್ಲಿಯೂ ಅಂತಿಮಗೊಳ್ಳಲಿಲ್ಲ. 2021ರಲ್ಲಿ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ 'ವರಾಹ' ಯಂತ್ರ 5,270 ಮೀಟರ್ ಆಳದ ತಳದಲ್ಲಿ ಓಡಾಡಿ ಪರೀಕ್ಷೆ ಮುಗಿಸಿತು. ನನಗೆ ಹೆಮ್ಮೆಯೆನಿಸುವ ಇನ್ನೊಂದು ಕೆಲಸವಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ: ಗಣಿಯಂತ್ರ ತಯಾರಾಗುವುದಕ್ಕೆ ಎಷ್ಟೋ ಮೊದಲೇ, 1997ರಲ್ಲಿ, ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಅದೇ ಕಡಲಿನ ತಳವನ್ನು ಒಂಬತ್ತು ದಿನ ಬೇಕೆಂದೇ ಕದಡಿ, ಜೀವಿಗಳಿಗೆ ಏನಾಗುತ್ತದೆಂದು ವರ್ಷಗಳ ಕಾಲ ಗಮನಿಸಿದರು. ಮೊದಲು ನೋಡಿ ಆಮೇಲೆ ಅಗೆಯುವ ಈ ಕ್ರಮವನ್ನು ಕೊಲ್ಲಂನ ಹೊಯ್ಗೆಗೂ ಅನ್ವಯಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಿಂದೂ ಮಹಾಸಾಗರದ ತಳದ ಬಿಸಿನೀರಿನ ಚಿಲುಮೆಗಳ ಸುತ್ತ ಇನ್ನೊಂದು ಬಗೆಯ ಗಣಿ ಆಸಕ್ತಿ ಇದೆ, ಅಲ್ಲಿ ಗಂಧಕ ಬೆರೆತ ಲೋಹಗಳಿವೆ. ಆ ಚಿಲುಮೆಗಳಲ್ಲಿ ಒಂದು ಬಸವನಹುಳು ಇದೆ. ಅದರ ಪಾದವನ್ನು ಕಬ್ಬಿಣ ಮತ್ತು ಗಂಧಕ ಸೇರಿದ ಹೆಂಚಿನಂತಹ ಹುರುಪೆಗಳು ಮುಚ್ಚಿವೆ. ಆಳಸಾಗರ ಗಣಿಗಾರಿಕೆಯ ಭೀತಿಯ ಕಾರಣಕ್ಕಾಗಿ 2019ರಲ್ಲಿ ಅಳಿವಿನಂಚಿನ ಕೆಂಪು ಪಟ್ಟಿಗೆ ಸೇರಿದ ಮೊದಲ ಜೀವಿ ಅದು. ಆಗ ಅದರ ನೆಲೆಯೆಂದು ತಿಳಿದಿದ್ದ ಮೂರು ಚಿಲುಮೆ ತಾಣಗಳಲ್ಲಿ ಎರಡು ಬೇರೆ ಬೇರೆ ದೇಶಗಳ ಅನ್ವೇಷಣಾ ಪರವಾನಗಿಯೊಳಗಿದ್ದವು. ಒಂದು ಚಿಲುಮೆಯನ್ನು ಕೆಡವಿದರೆ ಆ ಹುಳುವಿಗೆ ಪಕ್ಕದ ಊರಿಗೆ ಹೋಗುವ ದಾರಿಯಿಲ್ಲ, ಪಕ್ಕದ ಊರು ನೂರಾರು ಕಿಲೋಮೀಟರ್ ದೂರ.

ಮುಂದಿನ ಸಭೆಯಲ್ಲಿ "ಜೀವಿಗಳು ಮರಳಿ ಬರುತ್ತವೆ" ಎಂಬ ಮಾತು ಬಂದರೆ, ಒಪ್ಪುವುದಕ್ಕೂ ತಿರಸ್ಕರಿಸುವುದಕ್ಕೂ ಮೊದಲು ಕೆಲವು ವಿವರಗಳನ್ನು ಬರಹದಲ್ಲಿ ಕೇಳಿ. ಅಗೆಯುವ ಮುನ್ನ ತಳದ ಜೀವಿಗಳನ್ನು ಎಷ್ಟು ಋತುಗಳಲ್ಲಿ ಎಣಿಸಿದ್ದಾರೆ? ಮಳೆಗಾಲದಲ್ಲಿ ಒಂದು ಬಾರಿ, ಹಿಂಗಾರಿನಲ್ಲಿ ಒಂದು ಬಾರಿ, ಬೇಸಗೆಯಲ್ಲಿ ಒಂದು ಬಾರಿಯಾದರೂ ಎಣಿಸದ ಲೆಕ್ಕ ನಮ್ಮ ಕಡಲಿಗೆ ಲೆಕ್ಕವೇ ಅಲ್ಲ. ಹೊಯ್ಗೆಯ ಕೊನೆಯ ಎಷ್ಟು ದಪ್ಪದ ಪದರವನ್ನು ಮುಟ್ಟದೆ ಬಿಡುತ್ತಾರೆ? ಗುಂಡಿಯ ಆಳಕ್ಕೆ ಮಿತಿಯಿದೆಯೇ, ಮಳೆಗಾಲದಲ್ಲಿ ಅದರೊಳಗಿನ ಆಮ್ಲಜನಕವನ್ನು ಅಳೆಯುವವರು ಯಾರು? ಹೋಲಿಕೆಗಾಗಿ ಪಕ್ಕದಲ್ಲೇ ಅಗೆಯದೆ ಬಿಟ್ಟ ಜಾಗವೊಂದಿದೆಯೇ? ಎಣಿಕೆಗೆ ನಿಮ್ಮ ಊರಿನ ಒಬ್ಬರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಲು ಕೇಳಿಕೊಳ್ಳಿ. ಜರಡಿಯಲ್ಲಿ ಉಳಿದದ್ದನ್ನು ಬಿಳಿ ತಟ್ಟೆಗೆ ಬಗ್ಗಿಸುವಾಗ ಅವರು ಅಲ್ಲಿರಲಿ.